ಎಪ್ಪತ್ತಮೂರನೆಯ ಬಾಯಿ

ದನಕರುಗಳಿಗೆ ಹಿಂಡಿ ತಯಾರಿಸುವ ಆ ಕಾರ್ಖಾನೆಯಲ್ಲಿ ಗ್ರೀಸ್ ಕುಡಿಯುವ ಬಾಯಿಗಳು ಎಪ್ಪತ್ತೊಂದಿದ್ದವು. ಪ್ರತಿ ಬೇರಿಂಗಿನ ನೆತ್ತಿಯಲ್ಲೂ ಬಟಾಣಿ ಕಾಳಿನಷ್ಟು ಗಾತ್ರದ ಒಂದು ನಿಪ್ಪಲ್. ಅದಕ್ಕೆ ಗ್ರೀಸ್ ಗನ್ನಿನ ಮೂತಿ ಹಚ್ಚಿ ಎರಡು ಸಲ ಒತ್ತಬೇಕು, ಅಂಚಿನಲ್ಲಿ ಹೊಸ ಗ್ರೀಸು ಕೂದಲೆಳೆಯಷ್ಟು ಇಣುಕಬೇಕು, ಚಿಂದಿಯಿಂದ ಒರೆಸಿ ಮುಂದಕ್ಕೆ ಹೋಗಬೇಕು. ಇಷ್ಟೇ ಕೆಲಸ. ಹತ್ತೊಂಬತ್ತು ವರ್ಷದಿಂದ ಇದನ್ನು ಮಾಡುತ್ತಿದ್ದವಳನ್ನು ಎಲ್ಲರೂ ಗ್ರೀಸಮ್ಮ ಎನ್ನುತ್ತಿದ್ದರು. ನಿಪ್ಪಲ್ಲಿಗೆ ಬಾಯಿ ಎಂದು ಕರೆದವಳು ಅವಳೇ. ಮೊದಮೊದಲು ಜನ ನಕ್ಕರು, ಆಮೇಲೆ ಮ್ಯಾನೇಜರ್ ಕೂಡ ಹಾಗೇ ಅನ್ನತೊಡಗಿದರು.

ಅವಳು ಮೊದಲು ಬಂದದ್ದು ಕಸ ಗುಡಿಸಲಿಕ್ಕೆ. ಆಗ ಯಂತ್ರಗಳಿಗೆ ಎಣ್ಣೆ, ಗ್ರೀಸು ಹಾಕುತ್ತಿದ್ದ ಮುದುಕ ಮಂಡಿನೋವಿನವನು, ಮೇಲಿನ ಅಟ್ಟಣಿಗೆಗೆ ಏಣಿ ಹತ್ತಲಾರದೆ ಅವಳ ಕೈಗೆ ಗನ್ನು ಕೊಟ್ಟು ಕೆಳಗಿನಿಂದ ಬೈಯುತ್ತಾ ಕಲಿಸಿದ. ಒಣಗಿದ ಬೇರಿಂಗ್ ಮೊದಲು ಬಿಸಿಯಾಗುತ್ತದೆ, ಆಮೇಲೆ ಕಿರುಚುತ್ತದೆ, ಕಿರುಚುವ ಹೊತ್ತಿಗೆ ಕಾಲ ಮಿಂಚಿರುತ್ತದೆ ಎಂದು ಹೇಳಿಕೊಟ್ಟ. ಅವಳು ಅದನ್ನು ಎಷ್ಟು ಮನಸ್ಸಿಗೆ ಹಚ್ಚಿಕೊಂಡಳೆಂದರೆ, ಮನೆಯಲ್ಲಿ ಫ್ಯಾನು ಸ್ವಲ್ಪ ಕುಂಟಿದರೂ ಊಟದ ಮಧ್ಯೆ ಎದ್ದು ನಿಲ್ಲುತ್ತಿದ್ದಳು. ಪಕ್ಕದ ಮನೆಯ ನೀರಿನ ಪಂಪು ಸದ್ದು ಬದಲಿಸಿದರೆ ಗೋಡೆಗೆ ಅಂಗೈ ಇಟ್ಟು ನೋಡುತ್ತಿದ್ದಳು. ಇವಳು ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು, ಆ ಚಕ್ರಕ್ಕೂ ತಾನೇ ಗ್ರೀಸು ಹಾಕಿಕೊಳ್ಳುತ್ತಾಳೆ ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದಳು. ಗಂಡ ಲಾರಿ ಡ್ರೈವರು, ತಿಂಗಳಲ್ಲಿ ಇಪ್ಪತ್ತು ದಿನ ರಸ್ತೆಯ ಮೇಲೆ. ಮನೆಯಲ್ಲಿ ಇರುವವರು ಅತ್ತೆ, ಅವಳು ಮತ್ತು ಮೈದುನ.

ಮೈದುನ ಫಿಟ್ಟರ್. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಇದ್ದುದನ್ನು ಇದ್ದ ಹಾಗೆ ಬಿಡುವ ಜಾಯಮಾನ ಅವನದಲ್ಲ. ಹಿಂದಿನ ಎರಡು ಕಡೆಯೂ ಯಾರೂ ಹೇಳದಿದ್ದ ಸುಧಾರಣೆ ಮಾಡಲು ಹೋಗಿ ಕೆಲಸ ಕಳೆದುಕೊಂಡಿದ್ದ. ಮೂರನೆಯ ಸಲ ಗ್ರೀಸಮ್ಮ ತಾನೇ ಮ್ಯಾನೇಜರ ಬಾಗಿಲಲ್ಲಿ ನಿಂತು ಕೇಳಿದಳು. ಹತ್ತೊಂಬತ್ತು ವರ್ಷದಲ್ಲಿ ಅವಳು ಅವರ ಹತ್ತಿರ ಏನನ್ನಾದರೂ ಕೇಳಿದ್ದು ಅದೊಂದೇ ಸಲ. ಮ್ಯಾನೇಜರ್ ಮೂರು ತಿಂಗಳು ನೋಡೋಣ ಎಂದರು. ನಿಮ್ಮ ಮಾತಿನ ಮೇಲೆ, ಅಂತ ಸೇರಿಸಿದರು.

ಆ ಮಾತು ಅವಳ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತು. ಮೈದುನ ಸ್ಪ್ಯಾನರ್ ಕೈಗೆತ್ತಿಕೊಂಡಾಗಲೆಲ್ಲ ಅವಳ ಕಣ್ಣು ಅತ್ತಲೇ.

ಕಾರ್ಖಾನೆಯ ಮೇಲಟ್ಟದಲ್ಲಿ ಇಪ್ಪತ್ತೆರಡು ಅಡಿ ಉದ್ದದ ಒಂದು ಸ್ಕ್ರೂ ಕನ್ವೇಯರ್ ಇತ್ತು. ತಗಡಿನ ಉದ್ದ ತೊಟ್ಟಿ, ಅದರೊಳಗೆ ಸುರುಳಿ ರೆಕ್ಕೆಯ ಕಬ್ಬಿಣದ ತಿರುಪು. ತಿರುಪು ತಿರುಗಿದಂತೆ ಹಿಂಡಿ ಮುಂದೆ ಸರಿದು, ಕೊನೆಯ ರಂಧ್ರದಿಂದ ಕೆಳಗಿನ ಮೂಟೆಗಳಿಗೆ ಬೀಳುತ್ತಿತ್ತು. ತಿರುಪನ್ನು ತಿರುಗಿಸುವ ಗೇರ್‌ಬಾಕ್ಸು ಬೇರೆ ಕಟ್ಟೆಯ ಮೇಲಿತ್ತು. ಆ ಕಟ್ಟೆ ವರ್ಷದಿಂದ ವರ್ಷಕ್ಕೆ ಕುಸಿಯುತ್ತಾ ಗೇರ್‌ಬಾಕ್ಸಿನ ನೇರವೇ ಒಂದು, ತಿರುಪಿನ ನೇರವೇ ಒಂದು ಆಗಿತ್ತು. ಎರಡನ್ನೂ ಗಟ್ಟಿ ಬಿಲ್ಲೆಗಳಿಂದ ಬೋಲ್ಟ್ ಹಾಕಿ ಬಿಗಿದಿದ್ದರಿಂದ ತಿರುಪು ಪ್ರತಿ ಸುತ್ತಿಗೂ ಒಂದು ಸಲ ಮೈ ಕೊಡವುತ್ತಿತ್ತು. ತೊಟ್ಟಿ ನಡುಗುತ್ತಿತ್ತು, ಬೋಲ್ಟುಗಳು ತುಂಡಾಗುತ್ತಿದ್ದವು, ನಡುವೆ ತಿರುಪನ್ನು ಹೊತ್ತ ತೂಗುಬೇರಿಂಗು ಎರಡು ತಿಂಗಳಿಗೊಮ್ಮೆ ಸವೆದು ಹೋಗುತ್ತಿತ್ತು. ಕಟ್ಟೆ ಒಡೆದು ಕಟ್ಟಿದರೆ ವಾರಗಟ್ಟಲೆ ಕೆಲಸ ನಿಲ್ಲಬೇಕು.

ಮೈದುನ ಬಂದ ಐದನೆಯ ವಾರಕ್ಕೆ ಗುಜರಿಯಿಂದ ಸಣ್ಣ ಸರಕು ಗಾಡಿಯೊಂದರ ಸರಳನ್ನು ಹೊತ್ತು ತಂದ. ಎಂಜಿನ್ನಿನಿಂದ ಹಿಂದಿನ ಚಕ್ರಕ್ಕೆ ತಿರುಗುವ ಬಲ ಒಯ್ಯುವ ಸರಳು ಅದು. ಎರಡು ತುದಿಯಲ್ಲೂ ಕವೆ, ಕವೆಯೊಳಗೆ ಕೂಡುವ ಲೆಕ್ಕದ ಗುರುತಿನಂಥ ಒಂದು ಕಬ್ಬಿಣದ ತುಂಡು, ಅದನ್ನು ಆಚೆಯಿಂದ ಹಿಡಿದ ಇನ್ನೊಂದು ಕವೆ. ಯೂನಿವರ್ಸಲ್ ಜಾಯಿಂಟ್. ನಡುವೆ ಸರಳು ಎರಡು ತುಂಡು, ಹಲ್ಲುಗಳ ಮೇಲೆ ಒಂದರೊಳಗೊಂದು ಜಾರಿ ಕೂಡುವಂಥದ್ದು. ಗೇರ್‌ಬಾಕ್ಸನ್ನು ಹಿಂದೆ ಸರಿಸಿ ನಡುವೆ ಇದನ್ನು ಹಾಕಿದರೆ, ಕಟ್ಟೆ ಎಷ್ಟು ತಗ್ಗಿದ್ದರೂ ತಿರುಪಿಗೆ ಗೊತ್ತೇ ಆಗುವುದಿಲ್ಲ ಎಂದ. ಮೂಟೆ ಕಟ್ಟುವವರ ಮೇಸ್ತ್ರಿ, ತಿರುಪಿಗೆ ಗೊತ್ತಾಗದಿದ್ದರೆ ಸಾಕು, ಮ್ಯಾನೇಜರಿಗೆ ಗೊತ್ತಾಗುತ್ತೆ ಅಂದು ಮೀಸೆಯಲ್ಲೇ ನಕ್ಕ. ಮ್ಯಾನೇಜರ್ ಒಂದು ತಿಂಗಳ ಗಡುವು ಕೊಟ್ಟರು. ಸರಿಹೋದರೆ ಜಾಯಿಂಟೂ ಉಳಿಯುತ್ತದೆ, ಫಿಟ್ಟರೂ ಉಳಿಯುತ್ತಾನೆ.

ಹಾಕಿದ ದಿನ ಕನ್ವೇಯರ್ ಓಡುತ್ತಿದೆಯೋ ನಿಂತಿದೆಯೋ ತಿಳಿಯದಾಯಿತು. ಮೇಸ್ತ್ರಿ ಎರಡು ಸಲ ಮೇಲೆ ಬಂದು ಮುಚ್ಚಳ ಎತ್ತಿ ನೋಡಿದ. ಮೈದುನ ಎದೆಯುಬ್ಬಿಸಿ ಓಡಾಡಿದ. ಗ್ರೀಸಮ್ಮನ ದಿನದ ಸುತ್ತಿನಲ್ಲಿ ಎರಡು ಬಾಯಿಗಳು ಹೆಚ್ಚಿದವು, ಜಾಯಿಂಟಿಗೊಂದರಂತೆ. ಎಪ್ಪತ್ತೆರಡು, ಎಪ್ಪತ್ತಮೂರು.

ಅಲ್ಲಿಂದ ಶುರುವಾಯಿತು ಅವಳ ಚಡಪಡಿಕೆ. ಉಳಿದ ಬಾಯಿಗಳು ಇದ್ದಲ್ಲೇ ಇರುತ್ತವೆ, ಈ ಎರಡು ಸರಳಿನ ಜೊತೆ ತಿರುಗುವಂಥವು. ಯಂತ್ರ ನಿಲ್ಲುವುದು ಮಧ್ಯಾಹ್ನದ ಊಟದ ಅರ್ಧ ಗಂಟೆ ಮಾತ್ರ. ನಿಂತಾಗ ಬಾಯಿ ಯಾವ ದಿಕ್ಕಿಗಿರುತ್ತದೋ ಹೇಳಲಿಕ್ಕಾಗದು. ಸರಳಿನ ಮೇಲೆ ರಕ್ಷಣೆಯ ತಗಡು, ಅದರಲ್ಲಿ ಕೈ ಹೋಗುವಷ್ಟು ಒಂದು ಬೀಗದ ಬಾಗಿಲು, ಅದರ ಕೀಲಿ ಅವಳ ಸೊಂಟದಲ್ಲಿ, ಆಚೆ ಬದಿ ಗೋಡೆ. ಬಾಯಿ ಬಾಗಿಲ ಕಡೆ ಬರಬೇಕೆಂದರೆ ಏಣಿ ಇಳಿದು, ಮೋಟರಿನ ಬೆಲ್ಟನ್ನು ಕೈಯಿಂದ ಎಳೆದು, ಮತ್ತೆ ಹತ್ತಿ ನೋಡಬೇಕು. ಬಂದಿಲ್ಲವೆಂದರೆ ಮತ್ತೆ ಇಳಿಯಬೇಕು. ಒಂದು ಹೇಗೋ ಸಿಕ್ಕುತ್ತಿತ್ತು. ಆದರೆ ಎಪ್ಪತ್ತೆರಡು ಬಾಗಿಲ ಕಡೆ ಮುಖ ಮಾಡಿದರೆ ಎಪ್ಪತ್ತಮೂರು ಸೂರು ನೋಡುತ್ತಿತ್ತು. ಅದನ್ನು ಈಚೆ ತರುವ ಹೊತ್ತಿಗೆ ಗಂಟೆ ಹೊಡೆಯುತ್ತಿತ್ತು. ಮೊದಲ ವಾರ ಎರಡು ದಿನ ಎಪ್ಪತ್ತಮೂರಕ್ಕೆ ಗ್ರೀಸು ಬೀಳಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಒಂದು ಬಾಯಿಯನ್ನೂ ಅವಳು ಬಿಟ್ಟಿರಲಿಲ್ಲ. ಬಸ್ಸಿನಲ್ಲಿ ಕೂತರೂ ಅದೇ, ತರಕಾರಿ ಹೆಚ್ಚುವಾಗಲೂ ಅದೇ. ಹಸಿದ ಮಗುವನ್ನು ಬಾಗಿಲಾಚೆ ಬಿಟ್ಟು ಬಂದಂತೆ ಒಳಗೊಳಗೇ ಕೊರೆಯುತ್ತಿತ್ತು.

ಆ ವಾರದ ಕೊನೆಗೆ ತೊಟ್ಟಿ ತೊಳೆಯುವ ದಿನ ಬಂತು. ಮೈದುನನಿಗೆ ಅಂದು ರಜೆ. ತಿರುಪನ್ನು ಕೈಯಲ್ಲೇ ತಿರುಗಿಸಿ ಅಂಟಿದ ಹಿಂಡಿ ಕೆರೆಯಬೇಕಿದ್ದರಿಂದ ಮೇಸ್ತ್ರಿ ಬೋಲ್ಟ್ ಬಿಚ್ಚಿ ಸರಳನ್ನು ಈಚೆ ತೆಗೆದ. ತೆಗೆದದ್ದೇ ಅದು ನಡುವೆ ಜಾರಿ ಎರಡು ತುಂಡಾಗಿ ಅವಳ ಮಡಿಲಿಗೆ ಬಂತು. ಒರೆಸಿದಳು. ಧೂಳು, ಹಳೆಯ ಗ್ರೀಸು, ಮೇಲೆಲ್ಲೋ ಎಳೆದ ಸೀಮೆಸುಣ್ಣದ ಒಂದು ಗೆರೆ, ಎಲ್ಲ ಹೋಗಿ ಕಬ್ಬಿಣ ಹೊಳೆಯಿತು. ಮತ್ತೆ ಕೂಡಿಸುವಾಗ ಅವಳಿಗೆ ಹೊಳೆಯಿತು. ಹಲ್ಲುಗಳ ಮೇಲೆ ಯಾವ ಕಡೆಗೆ ತಿರುಗಿಸಿ ತಳ್ಳಿದರೂ ಸರಳು ಒಳಗೆ ಹೋಗುತ್ತದೆ. ಅವಳು ಒಂದು ತುಂಡನ್ನು ಕಾಲು ಸುತ್ತು ತಿರುಗಿಸಿದಳು. ಎರಡು ಬಾಯಿಗಳೂ ಒಂದೇ ಕಡೆಗೆ ಬಂದು, ಅಕ್ಕತಂಗಿಯರ ಹಾಗೆ ಅವಳ ಮುಖವನ್ನೇ ನೋಡಿದವು. ಮೇಸ್ತ್ರಿ ಬೋಲ್ಟ್ ಬಿಗಿದ. ಅಂದು ಅವಳು ನೆಮ್ಮದಿಯಾಗಿ ಮಲಗಿದಳು. ಮಾರನೆಯ ದಿನ ಬೆಳಿಗ್ಗೆ ಯಂತ್ರ ಚಾಲೂ ಆಯಿತು.

ನಡುಕ ಹಿಂದಿರುಗಿತ್ತು. ಹಿಂದಿನದಕ್ಕಿಂತ ಜೋರಾಗಿ, ಬೇರೆಯದೇ ಲಯದಲ್ಲಿ.

ಹಳೆಯ ನಡುಕ ಸುತ್ತಿಗೊಂದು ಸಲ ಬರುತ್ತಿತ್ತು, ಇದು ಎರಡು ಸಲ. ಡುಗ್ ಡುಗ್, ಡುಗ್ ಡುಗ್. ಮೈದುನ ತೊಟ್ಟಿಯ ಕಾಲುಗಳಿಗೆ ತಗಡು ಕೊಟ್ಟು ನೋಡಿದ, ತೂಗುಬೇರಿಂಗು ಬದಲಿಸಿದ, ಗೇರ್‌ಬಾಕ್ಸಿನ ಬೋಲ್ಟ್ ಬಿಗಿದ, ಸಡಿಲಿಸಿದ. ಹನ್ನೊಂದು ದಿನ ಕನ್ವೇಯರಿನ ಅಡಿಯಲ್ಲೇ ತೆವಳಿದ. ಮೈಮೇಲೆಲ್ಲ ಹಿಂಡಿಯ ಪುಡಿ ಅಂಟಿಸಿಕೊಂಡು ಬರುವ ಅವನನ್ನು ಕಂಡು, ದನಗಳು ಎಲ್ಲಾದರೂ ನೆಕ್ಕಿಬಿಟ್ಟಾವು ಜೋಪಾನ ಅಂದ ಮೇಸ್ತ್ರಿ. ಮೊದಲ ದಿನಗಳಲ್ಲಿ ಮೈದುನ ತಿರುಗಿಸಿ ಉತ್ತರ ಕೊಡುತ್ತಿದ್ದ. ಆಮೇಲಾಮೇಲೆ ಸುಮ್ಮನಾದ. ಅವನು ಸುಮ್ಮನಾದದ್ದು ಅವಳಿಗೆ ನಡುಕಕ್ಕಿಂತ ಹೆಚ್ಚು ಹೆದರಿಕೆ ತಂದಿತು. ತನ್ನ ಸುತ್ತು ಮುಗಿದ ಮೇಲೂ ಮೇಲಟ್ಟಕ್ಕೆ ಹೋಗಿ ತೊಟ್ಟಿಯ ಮೇಲೆ ಅಂಗೈ ಇಡುವಳು, ತೆಗೆಯುವಳು, ನಾಲ್ಕು ಹೆಜ್ಜೆ ನಡೆದು ಮತ್ತೆ ಇಡುವಳು. ಬೇರಿಂಗುಗಳೆಲ್ಲ ತಣ್ಣಗಿದ್ದವು. ಎಪ್ಪತ್ತಮೂರೂ ದಿನಾ ಹೊಟ್ಟೆ ತುಂಬ ತಿನ್ನುತ್ತಿತ್ತು. ತನ್ನ ಕಡೆಯಿಂದ ಲೋಪವಿಲ್ಲ ಎಂದು ಅವಳು ತನಗೇ ಹೇಳಿಕೊಂಡಳು.

ಹನ್ನೊಂದನೆಯ ದಿನ ಸಂಜೆ ಮ್ಯಾನೇಜರ್ ಮೇಲೆ ಬಂದು ಒಂದು ಕ್ಷಣ ನಿಂತು ಕೇಳಿಸಿಕೊಂಡರು. ನಾಳೆ ಬೆಳಿಗ್ಗೆ ಪಾಳಿ ಶುರುವಾಗುವ ಮೊದಲು ಇದನ್ನು ಬಿಚ್ಚಿ ಹಳೆಯ ಬಿಲ್ಲೆಗಳನ್ನೇ ಹಾಕಿ ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮನೆಯಲ್ಲಿ ಮೈದುನ ತಟ್ಟೆಯ ಮುಂದೆ ಕೂತು ಅನ್ನ ಕಲಸುತ್ತಲೇ ಇದ್ದ, ಬಾಯಿಗಿಡಲಿಲ್ಲ. ಅತ್ತೆಗೆ ತಡೆಯಲಾಗಲಿಲ್ಲ. ಅಷ್ಟಕ್ಕೂ ಅದೇನೋ ಅದು, ನನಗೂ ಸ್ವಲ್ಪ ಹೇಳು, ನಾನೇನು ಮ್ಯಾನೇಜರಿಗೆ ಚಾಡಿ ಹೇಳ್ತೀನಾ ಎಂದು ಪೀಡಿಸಿದಳು. ಗ್ರೀಸಮ್ಮ ಒಲೆಯ ಹತ್ತಿರ ಪಾತ್ರೆ ಉಜ್ಜುತ್ತಿದ್ದಳು.

ಅವನು ಕೈ ತೊಳೆದುಕೊಂಡು ಎರಡೂ ಕೈಗಳ ಎರಡೆರಡು ಬೆರಳನ್ನು ಕವೆಯಂತೆ ಬಿಡಿಸಿ ತಾಯಿಯ ಮುಂದೆ ಹಿಡಿದ. ಜಾಯಿಂಟು ಓರೆಯಲ್ಲಿ ತಿರುಗುವಾಗ ಒಂದೇ ವೇಗದಲ್ಲಿ ತಿರುಗುವುದಿಲ್ಲ. ಒಂದು ಸುತ್ತಿನಲ್ಲಿ ಎರಡು ಸಲ ಮುಂದೆ ಓಡುತ್ತದೆ, ಎರಡು ಸಲ ಹಿಂದೆ ಬೀಳುತ್ತದೆ. ಅದಕ್ಕೇ ಎರಡು ಜಾಯಿಂಟು. ಮೊದಲನೆಯದು ಓಡಿದಷ್ಟನ್ನು ಎರಡನೆಯದು ಹಿಂದಕ್ಕೆ ಎಳೆದು ಸಮ ಮಾಡುತ್ತದೆ ಎಂದು ವಿವರಿಸಿದ.

“ನೀನೂ ನಿಮ್ಮಣ್ಣನೂ ಇದ್ದ ಹಾಗೆ ಅನ್ನು,” ಎಂದಳು ಅತ್ತೆ. “ಒಬ್ಬ ಓಡ್ತಾನೆ, ಒಬ್ಬ ಹಿಂದೆ ಬೀಳ್ತಾನೆ. ಸಮ ಆಗಿದ್ದು ಮಾತ್ರ ನಾನು ಕಾಣೆ.”

ಅವನು ನಗಲಿಲ್ಲ. “ಆದರೆ ಸರಳಿನ ಎರಡು ತುದಿಯ ಕವೆಗಳೂ ಹೀಗೆ ಒಂದೇ ಸಮ ಮಲಗಿರಬೇಕಮ್ಮ. ಒಂದು ಮಲಗಿ ಇನ್ನೊಂದು ಎದ್ದು ನಿಂತರೆ ಮುಗೀತು. ಸಮ ಮಾಡೋದು ಬಿಟ್ಟು ಇಬ್ಬರೂ ಸೇರಿ ಓಡ್ತಾರೆ, ಇಬ್ಬರೂ ಸೇರಿ ಬೀಳ್ತಾರೆ. ಒಂದೊಂದು ಸುತ್ತಿಗೂ ಎರಡೆರಡು ಏಟು.” ಒಂದು ಕೈಯನ್ನು ಕಾಲು ಸುತ್ತು ತಿರುಗಿಸಿ ತೋರಿಸಿದ.

ಗ್ರೀಸಮ್ಮನ ಕೈಯಲ್ಲಿದ್ದ ಪಾತ್ರೆ ಅಲ್ಲೇ ನಿಂತಿತು.

“ಹಾಗೇ ಆಗಿದೆಯೋ ಏನೋ, ನೋಡಬಾರದಾ?” ಅತ್ತೆ ಕೇಳಿದಳು.

“ಅದನ್ನ ಕೂಡಿಸಿದ್ದು ನಾನು. ಗೆರೆ ಎಳೆದು, ಗೆರೆಗೆ ಗೆರೆ ಸೇರಿಸಿ ಕೂಡಿಸಿದೀನಿ. ಅದೊಂದರಲ್ಲಿ ತಪ್ಪಿಲ್ಲ,” ಎಂದು ಅವನು ಎದ್ದು ಹೋದ.

ಅವಳು ಪಾತ್ರೆ ತೊಳೆದಳು, ತೊಳೆದದ್ದನ್ನೇ ಮತ್ತೆ ತೊಳೆದಳು. ಬಟ್ಟೆ ಮಡಚಲು ಕೂತು ಎದ್ದಳು. ಬಾಗಿಲ ಅಗಳಿ ಹಾಕಿದ್ದೇನೆಯೇ ಎಂದು ಮೂರು ಸಲ ನೋಡಿದಳು. ಹೇಳಿಬಿಡಬಹುದಿತ್ತು, ಅವನು ಪಕ್ಕದ ಕೋಣೆಯಲ್ಲೇ ಇದ್ದ. ಆದರೆ ಏನೆಂದು ಹೇಳುವುದು? ಹನ್ನೊಂದು ದಿನ ನೀನು ಹುಡುಕಿದ್ದು ನನ್ನ ಕೈಯಲ್ಲಿತ್ತು ಎಂದೇ? ಗ್ರೀಸು ಹಾಕುವವರು ಜೋಡಣೆಗೆ ಕೈ ಹಚ್ಚಬಾರದು ಎಂಬ ನಿಯಮ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು. ಅದನ್ನು ಹೊಸಬರಿಗೆ ಓದಿ ಹೇಳುತ್ತಿದ್ದವಳೂ ಅವಳೇ.

ಆಗ ಇನ್ನೊಂದು ದಾರಿ ಕಂಡಿತು. ಮೊದಲ ಬಸ್ಸಿಗೆ ಹೋದರೆ ಅವನಿಗಿಂತ ಮುಂಚೆ ಮೇಲಟ್ಟದಲ್ಲಿರಬಹುದು. ನಾಲ್ಕು ಬೋಲ್ಟು. ಕಾಲು ಸುತ್ತು ಹಿಂದಕ್ಕೆ. ಯಾರಿಗೂ ಗೊತ್ತಾಗುವುದಿಲ್ಲ. ಒಂದು ಸಲ ಓಡಿಸಿ ನೋಡಿ ಬಿಚ್ಚೋಣ ಎಂದರೆ ಸಾಕು, ಅವನು ಉಳಿದುಕೊಳ್ಳುತ್ತಾನೆ, ತಾನೂ ಉಳಿದುಕೊಳ್ಳುತ್ತಾಳೆ. ಈ ಯೋಚನೆ ಬಂದ ಮೇಲೆ ಮೈ ಹಗುರಾಗಬೇಕಿತ್ತು, ಆಗಲಿಲ್ಲ. ಸರಿಹೋದದ್ದು ಯಾಕೆಂದು ಅವನಿಗೆ ತಿಳಿಯುವುದಿಲ್ಲ. ತಿಳಿಯದಿದ್ದರೆ ಅವನು ಬಿಡುವವನಲ್ಲ, ಮತ್ತೆ ಬಿಚ್ಚುತ್ತಾನೆ, ಮತ್ತೆ ಹುಡುಕುತ್ತಾನೆ, ಇದ್ದುದನ್ನೂ ಕೆಡಿಸಿಕೊಳ್ಳುತ್ತಾನೆ. ಹೇಳಿದರೆ ಒಂದು, ಹೇಳದಿದ್ದರೆ ಒಂದು. ನಿದ್ದೆ ಹತ್ತಿರ ಸುಳಿಯಲಿಲ್ಲ.

ಮೊದಲ ಬಸ್ಸಿಗೇ ಹೋದಳು. ಏಣಿ ಹತ್ತಿದರೆ ಮೈದುನ ಆಗಲೇ ಅಲ್ಲಿದ್ದ. ನಿದ್ದೆಯಿಲ್ಲದೆ ನಡೆದೇ ಬಂದುಬಿಟ್ಟಿದ್ದ. ರಕ್ಷಣೆಯ ತಗಡು ತೆಗೆದಿಟ್ಟು ಮೊದಲ ಬೋಲ್ಟಿಗೆ ಸ್ಪ್ಯಾನರ್ ಹಾಕಿದ್ದ. ಹಳೆಯ ಬಿಲ್ಲೆಗಳನ್ನು ಹೊತ್ತ ಮೇಸ್ತ್ರಿ ಪಕ್ಕದಲ್ಲಿ. ಕೆಳಗಿನಿಂದ ಮ್ಯಾನೇಜರ ಬೂಟಿನ ಸದ್ದು ಏಣಿಯ ಮೇಲೆ ಬರುತ್ತಿತ್ತು.

ಮ್ಯಾನೇಜರ್ ಹತ್ತಿ ಬರುವವರೆಗೆ ಅವಳು ಕಾದಳು. ಕಾಯದೆ ಹೇಳಿದ್ದರೆ ಮನೆಯ ಮಾತಾಗಿ ಉಳಿಯುತ್ತಿತ್ತು.

“ಬಿಚ್ಚಬೇಡಪ್ಪ,” ಎಂದಳು. “ಅದು ನೀನು ಕೂಡಿಸಿದ ಹಾಗಿಲ್ಲ. ತೊಳೆಯೋ ದಿನ ತುಂಡಾಗಿತ್ತು, ನಾನು ತಿರುಗಿಸಿ ಹಾಕಿದೆ. ನಿನ್ನ ಗೆರೆ ಒರೆಸಿದ್ದೂ ನಾನೇ.”

ಮೈದುನ ಅವಳ ಮುಖ ನೋಡಿದ. ಸರಳನ್ನು ನೋಡಿದ. ಚಿಂದಿ ತೆಗೆದುಕೊಂಡು ಎರಡು ಕವೆಗಳ ಮೇಲಿನ ಪುಡಿ ಒರೆಸಿದ. ಒಂದು ಮಲಗಿತ್ತು, ಒಂದು ಎದ್ದು ನಿಂತಿತ್ತು. ಅವನ ಕಿವಿಯವರೆಗೆ ಕೆಂಪೇರಿತು.

“ಯಾಕೆ ಅತ್ತಿಗೆ?”

“ಎರಡು ಬಾಯಿನೂ ನನ್ನ ಕಡೆ ಇರ್ಲಿ ಅಂತ.”

ಮೇಸ್ತ್ರಿ ಬಿಲ್ಲೆಗಳನ್ನು ಮೆಲ್ಲಗೆ ಕೆಳಗಿಟ್ಟ. ಅಂದು ಬೋಲ್ಟ್ ಬಿಗಿದವನು ಅವನೇ ಎಂಬುದು ಅವನಿಗೆ ಆಗ ನೆನಪಾಗಿರಬೇಕು, ತಮಾಷೆಗೆ ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ. ಮ್ಯಾನೇಜರ್ ಗಡಿಯಾರ ನೋಡಿಕೊಂಡು, ಪಾಳಿಗೆ ಇಪ್ಪತ್ತು ನಿಮಿಷ ಇದೆ, ಅಷ್ಟರಲ್ಲಿ ಆಗುತ್ತದೆಯೇ ಎಂದು ಕೇಳಿದರು.

ಆಯಿತು. ಮೈದುನ ಸರಳನ್ನು ಎಳೆದು, ಕಾಲು ಸುತ್ತು ಹಿಂದಕ್ಕೆ ತಿರುಗಿಸಿ ತಳ್ಳಿದ. ಈ ಸಲ ಸೀಮೆಸುಣ್ಣ ಹುಡುಕಲಿಲ್ಲ. ಉಳಿಯಿಂದ ಎರಡು ತುಂಡಿಗೂ ಒಂದೊಂದು ಗುರುತು ಕೆತ್ತಿದ. ಒಂದೊಂದು ಏಟೂ ಅವಳ ತಲೆಯ ಮೇಲೆ ಬಿದ್ದಂತಿತ್ತು. ಯಂತ್ರ ಚಾಲೂ ಮಾಡಿದರು, ಹಿಂಡಿ ಬಿಟ್ಟರು. ಗ್ರೀಸಮ್ಮ ತೊಟ್ಟಿಯ ಮೇಲೆ ಅಂಗೈ ಇಟ್ಟಳು. ಅಂಗೈ ಅಡಿಯಲ್ಲಿ ಹಿಂಡಿ ಸರಿಯುತ್ತಿರುವುದು ಮಾತ್ರ ತಿಳಿಯುತ್ತಿತ್ತು, ಚಾಪೆಯ ಕೆಳಗೆ ಯಾರೋ ಬೆರಳಾಡಿಸಿದಂತೆ.

ಜಾಯಿಂಟ್ ಇರಲಿ ಎಂದರು ಮ್ಯಾನೇಜರ್. ಆಮೇಲೆ ಅವಳ ಕಡೆ ತಿರುಗಿ, ಆ ಬಾಗಿಲಿನ ಕೀಲಿ ಇನ್ನು ಮುಂದೆ ಫಿಟ್ಟರ ಹತ್ತಿರ ಇರಲಿ, ಅವೆರಡು ಬಾಯಿಗಳನ್ನು ಅವನೇ ನೋಡಿಕೊಳ್ಳುತ್ತಾನೆ ಎಂದರು. ಅವಳು ಸೊಂಟದ ಗೊಂಚಲಿನಿಂದ ಕೀಲಿ ಬಿಡಿಸಲು ಹೋದರೆ ಉಗುರು ಜಾರಿ ಜಾರಿ ಹೋಯಿತು. ಮೈದುನ ಕೈ ಚಾಚಿ ನಿಂತೇ ಇದ್ದ, ಸಹಾಯ ಮಾಡಲಿಲ್ಲ.

ಆ ಸಂಜೆ ಅವನು ಬೇರೆ ಬಸ್ಸಿನಲ್ಲಿ ಬಂದ. ಮಾರನೆಯ ದಿನವೂ. ಮನೆಯಲ್ಲಿ ತಾಯಿಯ ಮೂಲಕ ಉಪ್ಪು ಕೇಳಿದ. ಇವರಿಬ್ಬರ ನಡುವೆ ನಾನೊಂದು ಜಾಯಿಂಟು ಎಂದು ಅತ್ತೆ ಗೊಣಗಿದಳು. ಮೂರು ತಿಂಗಳು ಮುಗಿದು ಅವನ ಕೆಲಸ ಕಾಯಂ ಆದ ಸುದ್ದಿಯನ್ನೂ ಗ್ರೀಸಮ್ಮ ಮೇಸ್ತ್ರಿಯ ಬಾಯಿಂದಲೇ ಕೇಳಿದಳು. ಅವಳಿಗೆ ಕುಣಿಯುವಷ್ಟು ಸಂತೋಷವಾಗಬೇಕಿತ್ತು. ಆಯಿತು ಕೂಡ, ಆದರೆ ಅದರ ಪಕ್ಕದಲ್ಲೇ ಎಪ್ಪತ್ತಮೂರು ಕೂತಿತ್ತು. ಅವನು ಹಾಕುತ್ತಾನೋ ಇಲ್ಲವೋ. ಎರಡು ಸಲ ಒತ್ತುತ್ತಾನೋ, ಒಂದಕ್ಕೇ ಬಿಡುತ್ತಾನೋ. ತಡೆಯಲಾರದೆ ಒಂದು ದಿನ ಹಾಕಿದೆಯಾ ಎಂದು ಕೇಳಿದಳು. ಹಾಕಿದೆ ಎಂದ, ತಲೆಯೆತ್ತದೆ. ಮರುದಿನವೂ ಕೇಳಿದಳು. ಅದರ ಮರುದಿನವೂ.

ನಾಲ್ಕನೆಯ ದಿನ ಅವನು ತಟ್ಟೆ ಸರಿಸಿದ. “ಹಾಕಿಲ್ಲ. ಒಂದಕ್ಕೆ ಹಾಕಿದೆ, ಇನ್ನೊಂದು ಮೂರು ದಿನದಿಂದ ಸಿಗ್ತಾ ಇಲ್ಲ. ಹತ್ತಿ ಇಳಿದು ಹತ್ತಿ ಇಳಿದು ಊಟದ ಹೊತ್ತು ಮುಗಿದುಹೋಗುತ್ತೆ.”

ಅವಳು ಎದ್ದು ನಿಂತಳು. ಇಂಥ ಹೊತ್ತಿನಲ್ಲಿ ಎದ್ದು ಮಾಡುವುದೇನೂ ಇರಲಿಲ್ಲ, ಕೂತಳು.

“ಮ್ಯಾನೇಜರ್ ಹತ್ತಿರ ಮಾತಾಡಿದೀನಿ,” ಎಂದ ಅವನು. “ನಾನು ಕೆಳಗೆ ಬೆಲ್ಟ್ ಎಳೀತೀನಿ. ನೀನು ಮೇಲೆ ನಿಂತು ನೋಡು.”

ಮರುದಿನ ಮಧ್ಯಾಹ್ನ ಗಂಟೆ ಹೊಡೆದದ್ದೇ ಅವಳು ಏಣಿ ಹತ್ತಿದಳು. ಬಾಗಿಲ ಕೀಲಿಯನ್ನು ಅವನು ಅಲ್ಲೇ ಮೊಳೆಗೆ ನೇತುಹಾಕಿದ್ದ. ಕೆಳಗೆ ಬೆಲ್ಟು ಚರ್ ಎಂದಿತು, ಸರಳು ನಿಧಾನ ಹೊರಳಿತು. ಎಪ್ಪತ್ತೆರಡು ಬಂತು, ಒತ್ತಿದಳು, ಒರೆಸಿದಳು. ಇನ್ನೂ ಬರಲಿ ಎಂದಳು. ಪುಡಿ ಮೆತ್ತಿದ ಎಪ್ಪತ್ತಮೂರು ಗೋಡೆಯ ಕಡೆಯಿಂದ ಮೆಲ್ಲಗೆ ಮುಖ ತೋರಿಸಿತು. ಸಾಕು, ನಿಲ್ಲಿಸು ಎಂದು ಅವಳು ಹೇಳುವಷ್ಟರಲ್ಲಿ ಅವನು ಇನ್ನೆರಡು ಮೊಳ ಎಳೆದುಬಿಟ್ಟಿದ್ದ.

“ದಾಟಿಹೋಯ್ತು ಕಣೋ,” ಎಂದಳು. “ಇನ್ನೊಂದು ಸುತ್ತು ಬಾ.”

“ನಿನ್ನ ಬಾಯಿ ಸ್ವಲ್ಪ ಮುಂಚೆ ತೆರೆದಿದ್ರೆ ಆಗ್ತಿತ್ತು ಅತ್ತಿಗೆ,” ಎಂದು ಕೆಳಗಿನಿಂದ ಕೇಳಿಸಿತು. ಬೆಲ್ಟು ಮತ್ತೆ ಚರ್ ಎಂದಿತು. ಅವಳು ಗನ್ನನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಳ್ಳುತ್ತಾ, ಗಡಿಯಾರ ನೋಡುತ್ತಾ, ಕಾದಳು.